ಮನೆಯಲ್ಲಿ ಏನು ಹೇಳಿ ಬಂದಿರಿ?

ನಾನು ಉತ್ತರ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯ ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿ) ಕೇಂದ್ರದಲ್ಲಿ ಫಾರ್ಮಸಿಸ್ಟ್. ಎಚ್‌ಐವಿ ಇರುವವರಿಗೆ ಸರ್ಕಾರ ಉಚಿತವಾಗಿ ಕೊಡುವ ಗುಳಿಗೆ ಅವರ ಕೈ ಸೇರುವುದು ನನ್ನ ಕಿಟಕಿಯಿಂದ. ಕೌನ್ಸೆಲರ್, ಡಾಕ್ಟರ್, ಲ್ಯಾಬ್ ಎಲ್ಲ ಮುಗಿಸಿ ಕೊನೆಗೆ ನನ್ನ ಹತ್ತಿರ ಬರುತ್ತಾರೆ. ಅಷ್ಟೊತ್ತಿಗೆ ಅವರಿಗೂ ಸಾಕಾಗಿರುತ್ತದೆ, ಬಸ್ಸಿನ ಹೊತ್ತೂ ಆಗಿರುತ್ತದೆ. ಆದರೂ ಹೊಸದಾಗಿ ಶುರು ಮಾಡಿದವರಿಗೆ ಒಂದು ಪ್ರಶ್ನೆ ತಪ್ಪದೆ ಕೇಳುತ್ತೇನೆ. "ಮನ್ಯಾಗ ಏನ್ ಹೇಳಿ ಬಂದೀರಿ?"

"ಸಕ್ಕರಿ ಜಡ್ಡ ಐತಿ ಅಂತ ಹೇಳೀನ್ರಿ" ಅಂದರೆ ನನಗೆ ಸಮಾಧಾನ. "ಮೈಯಾಗ ರಕ್ತ ಕಡಿಮಿ ಐತಿ, ಗುಳಗಿ ತರಾಕ ಹೊಂಟೀನಿ ಅಂದೀನ್ರಿ" ಅಂದರೂ ನಡೆಯುತ್ತದೆ. ಮನೆಯಲ್ಲಿ ಒಬ್ಬರಿಗಾದರೂ ನಿಜ ಗೊತ್ತಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ನನಗೆ ಚಿಂತೆ ಹತ್ತುವುದು "ಏನೂ ಹೇಳಿಲ್ರಿ, ಹಂಗ ಬಂದೀನಿ" ಅನ್ನುವವರ ಬಗ್ಗೆ. ಒಂದು ಸಲ ಹಾಗೇ ಬರಬಹುದು. ಎರಡನೇ ಸಲವೂ ಬರಬಹುದು. ಆದರೆ ಪ್ರತಿ ತಿಂಗಳು, ಕೂಲಿ ಬಿಟ್ಟು, ಬಸ್ ಹತ್ತಿ, ಇಡೀ ದಿನ ಊರಲ್ಲಿ ಇಲ್ಲದೇ ಇರೋದಕ್ಕೆ ಮನೆಯವರ ಮುಂದೆ ಒಂದು ಕಾರಣ ಬೇಕೇ ಬೇಕು. ಬಿಪಿಗೆ, ಸಕ್ಕರೆಗೆ, ಮಂಡಿ ನೋವಿಗೆ ದವಾಖಾನೆಗೆ ಹೋಗುವವರು ಹೇಳಿಯೇ ಹೋಗುತ್ತಾರೆ. ನಮ್ಮಲ್ಲಿಗೆ ಬರುವವರು ಪ್ರತಿ ಸಲ ಒಂದು ಕಥೆ ಕಟ್ಟಬೇಕು. ಆ ಕಥೆ ಮುಗಿದ ದಿನ ಅವರು ಬರುವುದೂ ನಿಲ್ಲುತ್ತದೆ.

ಮುಂದೆ ಬರೆಯುವವರ ಊರು, ವಯಸ್ಸು, ಕಸುಬು ಎಲ್ಲ ಬದಲಿಸಿದ್ದೇನೆ. ಕೆಲವು ಕಡೆ ಇಬ್ಬರು ಮೂವರು ಒಬ್ಬರಾಗಿದ್ದಾರೆ. ಒಬ್ಬರಿಗೆ ಎಚ್‌ಐವಿ ಇದೆ ಅನ್ನುವುದನ್ನು ಅವರ ಒಪ್ಪಿಗೆ ಇಲ್ಲದೆ ಹೊರಗೆ ಹೇಳುವಂತಿಲ್ಲ ಅಂತ 2017ರ ಕಾಯ್ದೆಯೇ ಇದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕಾಯ್ದೆ ಇಲ್ಲದಿದ್ದರೂ ನಾನು ಹೇಳುತ್ತಿರಲಿಲ್ಲ.

ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಚಿಕಿತ್ಸೆ ಶುರು ಮಾಡಿ ಬಿಟ್ಟವರ ಮಾತು ಬಂದಾಗಲೆಲ್ಲ ಒಂದೇ ಉತ್ತರ ಕೇಳುತ್ತೇನೆ. "ಜನಕ್ಕೆ ತಿಳಿವಳಿಕೆ ಇಲ್ಲ, ಅಸಡ್ಡೆ." ಕಿಟಕಿಯ ಈಚೆ ಕೂತು ನೋಡಿದ ನನಗೆ ಅದು ನಿಜ ಅನ್ನಿಸುವುದಿಲ್ಲ. ಗುಳಿಗೆ ಬಿಟ್ಟರೆ ಏನಾಗುತ್ತದೆ ಅಂತ ನನಗಿಂತ ಚೆನ್ನಾಗಿ ಹೇಳುವವರೂ ಬಿಟ್ಟಿದ್ದಾರೆ. ಅಕ್ಷರ ಬರದ ಅಜ್ಜಿಯರು ಒಂದು ದಿನವೂ ತಪ್ಪಿಸದೆ ನುಂಗಿದ್ದಾರೆ.

ನಮ್ಮ ದೇಶದಲ್ಲಿ ಉಚಿತ ಎಆರ್‌ಟಿ ಶುರುವಾಗಿದ್ದು 2004ರ ಏಪ್ರಿಲ್ 1ರಂದು. ಆಗ ಇದ್ದ ಕೇಂದ್ರಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆ. ಇಲ್ಲಿಂದ ಅಲ್ಲಿಗೆ ಒಂದು ರಾತ್ರಿಯ ಪ್ರಯಾಣ. ಆಮೇಲೆ ಜಿಲ್ಲೆಗಳಿಗೆ ಬಂತು, ತಾಲ್ಲೂಕು ಆಸ್ಪತ್ರೆಗಳಲ್ಲಿ ಗುಳಿಗೆಯನ್ನು ಹತ್ತಿರದಲ್ಲೇ ಕೊಡುವ ಲಿಂಕ್ ಎಆರ್‌ಟಿ ಕೇಂದ್ರಗಳಾದವು. ಔಷಧಿಯೂ ಬದಲಾಯಿತು. ಶುರುವಿನ ವರ್ಷಗಳಲ್ಲಿ ಸ್ಟಾವುಡಿನ್ ತೆಗೆದುಕೊಂಡವರ ಗಲ್ಲ ಒಳಗೆ ಹೋಗುತ್ತಿತ್ತು, ಮುಖ ನೋಡಿಯೇ ಊರವರು ಅನುಮಾನ ಪಡುತ್ತಿದ್ದರು. ಜಿಡೊವುಡಿನ್ ಕೆಲವರಲ್ಲಿ ರಕ್ತ ಇಳಿಸುತ್ತಿತ್ತು. ಎಫಾವಿರೆಂಜ್ ಇದ್ದ ಗುಳಿಗೆ ನುಂಗಿದ ರಾತ್ರಿ ತಲೆ ತಿರುಗುತ್ತಿತ್ತು, ಕೆಟ್ಟ ಕನಸು ಬೀಳುತ್ತಿತ್ತು. 2020ರ ನಂತರ ಹಂತಹಂತವಾಗಿ ಟಿಎಲ್‌ಡಿ ಬಂತು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಗುಳಿಗೆ. ದಿನಕ್ಕೊಂದು. ಹೆಚ್ಚಿನವರಿಗೆ ತೊಂದರೆ ಕಡಿಮೆ. ಮೊದಲೆಲ್ಲ ಸಿಡಿ4 (ರೋಗದ ಜೊತೆ ಹೋರಾಡುವ ರಕ್ತಕಣಗಳ ಎಣಿಕೆ) 200ಕ್ಕಿಂತ ಕೆಳಗೆ ಬರುವವರೆಗೆ ಕಾಯಬೇಕಿತ್ತು, ಆಮೇಲೆ 350, 500 ಅಂತ ಏರಿಸಿದರು. 2017ರಿಂದ ಸಿಡಿ4 ಎಷ್ಟೇ ಇರಲಿ, ಎಚ್‌ಐವಿ ಗೊತ್ತಾದ ಕೂಡಲೇ ಚಿಕಿತ್ಸೆ.

ಗುಳಿಗೆ ಸುಲಭವಾಗಿದೆ, ಉಚಿತವೂ ಹೌದು. ಆದರೂ ಮೊದಲ ಆರು ತಿಂಗಳಲ್ಲೇ ಜನ ಜಾಸ್ತಿ ಕೈಬಿಟ್ಟು ಹೋಗುತ್ತಾರೆ.

ಇದಕ್ಕೆ ಒಂದು ಕಾರಣ ನಮ್ಮ ವ್ಯವಸ್ಥೆಯಲ್ಲೇ ಇದೆ. ಹೊಸಬರನ್ನು ಮೊದಲು 15 ದಿನಕ್ಕೆ ಬನ್ನಿ ಅನ್ನುತ್ತೇವೆ. ಆಮೇಲೆ ತಿಂಗಳಿಗೊಮ್ಮೆ. ನಡುನಡುವೆ ರಕ್ತ ಪರೀಕ್ಷೆ. ಟಿಬಿ ಲಕ್ಷಣ ಇದ್ದರೆ ಕಫ ಪರೀಕ್ಷೆ, ಎಕ್ಸ್‌ರೇ. ವರ್ಷಗಟ್ಟಲೆ ಸರಿಯಾಗಿ ನುಂಗಿ ಆರೋಗ್ಯ ಸ್ಥಿರವಾದವರಿಗೆ ಮಾತ್ರ ಎರಡು ಮೂರು ತಿಂಗಳ ಗುಳಿಗೆ ಒಟ್ಟಿಗೆ ಸಿಗುತ್ತದೆ. ಅವರನ್ನು ಹತ್ತಿರದ ಲಿಂಕ್ ಕೇಂದ್ರಕ್ಕೂ ಕಳಿಸುತ್ತೇವೆ. ಅಂದರೆ ಸುದ್ದಿ ಕೇಳಿ ಇನ್ನೂ ಎದೆ ಒಡೆದುಕೊಂಡಿರುವ ಮನುಷ್ಯ, ಮನೆಯಲ್ಲಿ ಬಾಯಿ ಬಿಡಲು ಆಗದವನು, ಎಲ್ಲರಿಗಿಂತ ಜಾಸ್ತಿ ಸಲ, ಎಲ್ಲರಿಗಿಂತ ದೂರ ಬರಬೇಕು. ಇದಕ್ಕೆ ವೈದ್ಯಕೀಯ ಕಾರಣ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಗುಳಿಗೆ ಹಿಡಿಸಿತಾ, ಮೂತ್ರಪಿಂಡ ಸರಿ ಇದೆಯಾ, ಅಡಗಿದ ಟಿಬಿ ಎದ್ದಿತಾ ಅಂತ ಮೊದಲ ತಿಂಗಳುಗಳಲ್ಲೇ ನೋಡಬೇಕು. ಆದರೆ ಅಷ್ಟು ಸಲ ಕರೆಯುವವರು, ಅಷ್ಟು ಸಲ ಬರುವ ದಾರಿಯನ್ನೂ ಅವರ ಜೊತೆ ಕೂತು ಯೋಚಿಸಬೇಕಲ್ವಾ?

ನನ್ನ ಮೇಜಿನ ಮೇಲಿನ ಬಾಟಲಿಯ ವಿಷಯ ಹೇಳುತ್ತೇನೆ. ಬಿಳಿ ಪ್ಲಾಸ್ಟಿಕ್ ಬಾಟಲಿ, ಒಳಗೆ 30 ಗುಳಿಗೆ. ಮೇಲೆ ದೊಡ್ಡ ಲೇಬಲ್, ಅದರಲ್ಲಿ ಮೂರೂ ಔಷಧಿಯ ಹೆಸರು. ಮುಚ್ಚಳ ತೆಗೆದರೆ ಸೀಲ್. ಒಳಗೆ ತೇವ ಹೀರುವ ಸಣ್ಣ ಪೊಟ್ಟಣ. ಈ ಬಾಟಲಿ ಅಲುಗಾಡಿದರೆ ಸದ್ದು ಮಾಡುತ್ತದೆ. ಬಸ್ಸಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಾಗ, ರಸ್ತೆ ಗುಂಡಿಗೆ ಬಸ್ ಹಾರಿದಾಗಲೆಲ್ಲ ಗಳಗಳ ಅನ್ನುತ್ತದೆ. ಪಕ್ಕದವರು ತಿರುಗಿ ನೋಡಿಯೇ ಬಿಟ್ಟರು ಅನ್ನಿಸುತ್ತದೆ. ಅದಕ್ಕೇ ಎಷ್ಟೋ ಜನ ನನ್ನ ಕಿಟಕಿಯ ಮುಂದೆಯೇ ಉಗುರಿನಿಂದ ಲೇಬಲ್ ಕೆರೆದು ತೆಗೆಯುತ್ತಾರೆ. ನನ್ನ ಮೇಜಿನ ಕೆಳಗಿನ ಕಸದ ಬುಟ್ಟಿಯಲ್ಲಿ ಸಂಜೆ ಹೊತ್ತಿಗೆ ಇರುವುದೆಲ್ಲ ಹರಿದ ಲೇಬಲ್ಲೇ. ಇನ್ನು ಕೆಲವರು ಬಾಟಲಿಯನ್ನು ಅಲ್ಲೇ ಬಿಟ್ಟು, ಗುಳಿಗೆ ಮಾತ್ರ ಪ್ಲಾಸ್ಟಿಕ್ ಕವರಿಗೆ ಸುರಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಬೆವರು, ಮಳೆ, ಬಿಸಿಲು ಎಲ್ಲ ತಗಲುತ್ತದೆ. ಬೇಡ ಅಂತ ಹೇಳುತ್ತೇನೆ. ಬಾಟಲಿಯ ಬಾಯಿಗೆ ಸ್ವಲ್ಪ ಹತ್ತಿ ತುರುಕಿ ಕೊಡುತ್ತೇನೆ, ಸದ್ದು ನಿಲ್ಲುತ್ತದೆ. ತೇವ ಹೀರುವ ಪೊಟ್ಟಣ ಬಿಸಾಡಬೇಡಿ ಅಂತಲೂ ಹೇಳುತ್ತೇನೆ.

ಮನೆಯಲ್ಲಿ ಎಲ್ಲಿಡುತ್ತಾರೆ? ಒಬ್ಬ ತಾಯಿ ಜೋಳದ ಡಬ್ಬಿಯಲ್ಲಿ ಹುಗಿದಿಡುತ್ತಾಳೆ. ರೊಟ್ಟಿಗೆ ಹಿಟ್ಟು ಬೀಸಿಸಲು ಜೋಳ ತೆಗೆಯುವುದು ಅವಳೇ ಆದ್ದರಿಂದ ಬೇರೆ ಯಾರೂ ಕೈ ಹಾಕುವುದಿಲ್ಲ. ಒಣಗಿದ, ತಂಪಾದ ಜಾಗ, ಮಕ್ಕಳ ಕೈಗೂ ಸಿಗುವುದಿಲ್ಲ. ನಾನೇ ಹೇಳಿಕೊಡಬೇಕೆಂದರೂ ಇಷ್ಟು ಒಳ್ಳೆಯ ಜಾಗ ಹೊಳೆಯುತ್ತಿರಲಿಲ್ಲ. ಪಂಕ್ಚರ್ ಅಂಗಡಿಯ ಒಬ್ಬರು ಅಂಗಡಿಯಲ್ಲೇ ಇಟ್ಟು, ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ನುಂಗುತ್ತಾರೆ. ಅಮಾವಾಸ್ಯೆಗೆ ಅಂಗಡಿ ರಜೆ, ಹಬ್ಬಕ್ಕೆ ರಜೆ. ಆ ದಿನಗಳ ಗುಳಿಗೆ ಉಳಿಯುತ್ತಿತ್ತು. ಎಣಿಸುವಾಗ ಗೊತ್ತಾಯಿತು. ಈಗ ಒಂದೆರಡು ಗುಳಿಗೆಯನ್ನು ಕಾಗದದಲ್ಲಿ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ.

ಎಣಿಕೆ ಅಂದೆ. ಬರುವಾಗ ಹಳೆ ಬಾಟಲಿ ತರಬೇಕು. ಉಳಿದದ್ದನ್ನು ತಟ್ಟೆಗೆ ಸುರಿದು ಎಣಿಸಿ ಬರೆಯುವುದು ನನ್ನ ಕೆಲಸ. ಎರಡು ಉಳಿಯಬೇಕಾದ ಕಡೆ ಹನ್ನೊಂದು ಉಳಿದಿದ್ದರೆ ಏನೋ ಆಗಿದೆ ಅಂತ ಅರ್ಥ. ಇಲ್ಲಿ ಬೈಯಬಾರದು. ಒಂದು ಸಲ ಬೈದರೆ ಮುಂದಿನ ಸಲ ಉಳಿದ ಗುಳಿಗೆ ದಾರಿಯ ಹಳ್ಳಕ್ಕೆ ಹೋಗುತ್ತವೆ, ನನ್ನ ತಟ್ಟೆಗೆ ಲೆಕ್ಕಕ್ಕೆ ಸರಿಯಾಗಿ ಎರಡೇ ಬರುತ್ತವೆ. ಅದಾದ ಮೇಲಿನ ಸಲ ಮನುಷ್ಯನೇ ಬರುವುದಿಲ್ಲ. ದವಾಖಾನೆಯಲ್ಲಿ ಯಾರೋ ಒಬ್ಬರು ಒಂದು ಸಲ ಜೋರು ಮಾಡಿದ್ದಕ್ಕೆ ವರ್ಷಗಟ್ಟಲೆ ದೂರ ಉಳಿದವರನ್ನು ನೋಡಿದ್ದೇನೆ. ಹನ್ನೊಂದು ಗುಳಿಗೆ ವಾಪಸ್ ತಂದು ತೋರಿಸಿದವರು ನಮ್ಮನ್ನು ನಂಬಿದ್ದಾರೆ ಅಂತ ನಾನು ತಿಳಿಯುತ್ತೇನೆ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಒಳ್ಳೆಯ ಬದಲಾವಣೆ ಕಣ್ಣಾರೆ ಕಂಡೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತ. ಇದರಿಂದ ಬಸ್ ಚಾರ್ಜು ಉಳಿಯಿತು ಅಂತಷ್ಟೇ ಎಲ್ಲರೂ ಹೇಳುತ್ತಾರೆ. ನಮ್ಮಲ್ಲಿಗೆ ಬರುವವರಿಗೆ ಅದಕ್ಕಿಂತ ದೊಡ್ಡದು ಬೇರೆ ಇದೆ. ಮೊದಲು ಚಾರ್ಜಿಗೆ ರೊಕ್ಕ ಕೇಳಬೇಕಿತ್ತು. ಅತ್ತೆಯ ಹತ್ತಿರ, ಗಂಡನ ಹತ್ತಿರ, ಮೈದುನನ ಹತ್ತಿರ. ರೊಕ್ಕ ಕೇಳಿದರೆ "ಯಾಕ? ಎಲ್ಲಿಗಿ?" ಅನ್ನುವ ಮಾತು ಬಂದೇ ಬರುತ್ತದೆ. "ಅತ್ತಿ ನೂರಾ ಎಂಟು ಕೇಳ್ತಾಳ್ರಿ, ಅದಕ್ಕ ಹೋದ ತಿಂಗಳ ಬರಲಿಲ್ಲ" ಅಂತ ಒಬ್ಬ ಸೊಸೆ ಹೇಳುತ್ತಿದ್ದಳು. ಈಗ ಆಧಾರ್ ಕಾರ್ಡ್ ತೋರಿಸಿ ಬಸ್ ಹತ್ತಿದರೆ ಆಯಿತು. ರೊಕ್ಕ ಕೇಳುವುದು ತಪ್ಪಿತು, ಕಾರಣ ಹೇಳುವುದೂ ಎಷ್ಟೋ ಮಟ್ಟಿಗೆ ತಪ್ಪಿತು. ಅಕ್ಕಪಕ್ಕದ ಹೆಂಗಸರೆಲ್ಲ ಗುಡಿಗೆ, ಸಂತೆಗೆ, ತವರಿಗೆ ಓಡಾಡುತ್ತಿರುವಾಗ ಇವಳೊಬ್ಬಳು ಹೋದರೆ ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ಮಹಾರಾಷ್ಟ್ರದ ಗಡಿಯಾಚೆಯಿಂದ ಬರುವವರಿಗೆ ಈ ಅನುಕೂಲ ಇಲ್ಲ. ಗಂಡಸರಿಗೂ ಇಲ್ಲ.

ಸಂತೆ ಅಂದೆನಲ್ಲ, ಅದು ನನ್ನ ದೊಡ್ಡ ಆಸರೆ. ಗುಳಿಗೆ 30 ಇದ್ದರೆ ಕಂಪ್ಯೂಟರ್ ಲೆಕ್ಕ ಹಾಕಿ ಒಂದು ತಾರೀಕು ಕೊಡುತ್ತದೆ. ಆ ತಾರೀಕು ಬುಧವಾರ ಬಿದ್ದರೂ ಸರಿ, ಊರ ಜಾತ್ರೆ ದಿನ ಬಿದ್ದರೂ ಸರಿ. ನಾನು ಅದನ್ನು ಹಾಗೇ ಬರೆದುಕೊಡುವುದಿಲ್ಲ. "ನಿಮ್ಮೂರಿಂದ ಇಲ್ಲಿ ಸಂತಿಗೆ ಬರ್ತಾರೇನು?" ಅಂತ ಕೇಳುತ್ತೇನೆ. ಬರುವುದಾದರೆ ಗುಳಿಗೆ ಮುಗಿಯುವ ಮುಂಚಿನ ಸಂತೆ ದಿನವನ್ನೇ ಅವರ ಚಿಕಿತ್ಸೆಯ ವಿವರ ಬರೆಯುವ ಹಸಿರು ಪುಸ್ತಕದಲ್ಲಿ ಬರೆಯುತ್ತೇವೆ. ಚೀಲದಲ್ಲಿ ಮೆಣಸಿನಕಾಯಿ, ಬೆಳ್ಳುಳ್ಳಿ, ಅದರ ಕೆಳಗೆ ಬಾಟಲಿ. ಮನೆಗೆ ಹೋದರೆ ಯಾರೂ ಏನೂ ಕೇಳುವುದಿಲ್ಲ. ಕೈಯಲ್ಲಿ ಎರಡು ಮೂರು ದಿನದ ಗುಳಿಗೆಯೂ ಉಳಿದಿರುತ್ತದೆ, ಬಸ್ ತಪ್ಪಿದರೂ ಖಾಲಿ ಬೀಳುವುದಿಲ್ಲ. ಸಂತೆ ದಿನ ನಮ್ಮಲ್ಲಿ ಗದ್ದಲ ಜಾಸ್ತಿಯಾಗುತ್ತದೆ, ಆಗಲಿ.

ಇನ್ನು ಗುಳೆ. ನಮ್ಮ ಭಾಗದಲ್ಲಿ ಇದನ್ನು ಬಿಟ್ಟು ಯಾವ ಮಾತೂ ಪೂರ್ತಿ ಆಗುವುದಿಲ್ಲ. ದೀಪಾವಳಿ ಮುಗಿಯುತ್ತಿದ್ದಂತೆ ಹಳ್ಳಿಗಳು, ತಾಂಡಾಗಳು ಖಾಲಿಯಾಗುತ್ತವೆ. ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು, ಗೋವಾಕ್ಕೆ, ಪುಣೆಗೆ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ಕೂಲಿಯವರನ್ನು ಕರೆದೊಯ್ಯುವ ಮುಕಾದಮನ ಕೈಯಿಂದ ಮುಂಗಡ ಹಿಡಿದು ಹೋಗಿರುತ್ತಾರೆ. ಕಬ್ಬಿನ ಗ್ಯಾಂಗಿನಲ್ಲಿ ಗಂಡ ಹೆಂಡತಿ ಜೋಡಿ ಕೆಲಸ. ಒಬ್ಬರು ಒಂದು ದಿನ ಬಿಟ್ಟರೆ ಇಬ್ಬರ ಕೆಲಸವೂ ನಿಂತಂತೆ. ಗದ್ದೆಯಿಂದ ಊರಿಗೆ ಬಂದು, ಇಲ್ಲಿ ಗುಳಿಗೆ ತಗೊಂಡು, ವಾಪಸ್ ಹೋಗಲು ಎರಡು ಮೂರು ದಿನ ಬೇಕು. ಮುಕಾದಮನಿಗೆ ಏನು ಹೇಳುತ್ತಾರೆ? ಗುಡಿಸಲುಗಳು ಒತ್ತೊತ್ತಾಗಿ ಇರುತ್ತವೆ, ಎಲ್ಲರೂ ಒಂದೇ ಊರಿನವರು. ಅಲ್ಲಿ ಗುಳಿಗೆ ನುಂಗುವುದನ್ನು ಮುಚ್ಚಿಡುವುದೇ ಕಷ್ಟ.

ಚಿಕಿತ್ಸೆ ಶುರುವಾಗಿ ಎರಡನೇ ತಿಂಗಳಿಗೆ ಗುಳೆ ಹೊರಟವರೇ ಹೆಚ್ಚಾಗಿ ಕೈತಪ್ಪುತ್ತಾರೆ. ಹೋಗುತ್ತೇನೆ ಅಂತ ನಮಗೆ ಹೇಳುವುದಿಲ್ಲ. ಹೇಳಿದರೆ "ಹೋಗಬೇಡ" ಅಂತ ಬೈಯುತ್ತಾರೆ ಅನ್ನುವ ಹೆದರಿಕೆ. ಅದಕ್ಕೇ ದಸರಾ ಹೊತ್ತಿಗೆ ಬಂದವರನ್ನೆಲ್ಲ ನಾನೇ ಕೇಳುತ್ತೇನೆ. "ಈ ಸಲ ಎಲ್ಲಿಗಿ ಹೊಂಟೀರಿ? ಯಾವ ಫ್ಯಾಕ್ಟರಿ ಕಡೆ?" ಹೋಗಬೇಡಿ ಅನ್ನುವುದಿಲ್ಲ, ಹೊಟ್ಟೆಪಾಡು ಅದು. ಡಾಕ್ಟರ್ ಒಪ್ಪಿದರೆ ಹೆಚ್ಚು ತಿಂಗಳಿನದು ಕೊಡಬಹುದು. ಇಲ್ಲದಿದ್ದರೆ ಹೋಗುವ ಜಾಗಕ್ಕೆ ಹತ್ತಿರದ ಎಆರ್‌ಟಿ ಕೇಂದ್ರ ಯಾವುದು ಅಂತ ನೋಡಿ ಬರೆದುಕೊಡುತ್ತೇವೆ. ಹಸಿರು ಪುಸ್ತಕ ತೋರಿಸಿದರೆ ದೇಶದ ಯಾವ ಸರ್ಕಾರಿ ಎಆರ್‌ಟಿ ಕೇಂದ್ರದಲ್ಲೂ ದಾರಿಹೋಕರಿಗೆ ಗುಳಿಗೆ ಕೊಡುವ ವ್ಯವಸ್ಥೆ ಇದೆ. 2020ರ ಲಾಕ್‌ಡೌನ್‌ನಲ್ಲಿ ಇದು ಎಷ್ಟು ಜನರ ಜೀವ ಉಳಿಸಿತು ಅಂತ ಹೇಳಲಾರೆ. ಮುಂಬೈ, ಪುಣೆಯಿಂದ ನಡೆದೋ ಲಾರಿ ಹತ್ತಿಯೋ ಊರು ಸೇರಿದವರು ಮರಾಠಿ ಅಕ್ಷರದ ಪುಸ್ತಕ ಹಿಡಿದು ಬಂದರು. ನಾವು ಕೊಟ್ಟೆವು. ಆ ವರ್ಷ ಒಟ್ಟಿಗೆ ಮೂರು ತಿಂಗಳಿನದು ಕೊಡಲು ಅವಕಾಶವಾಯಿತು, ಆರೈಕೆ ಕೇಂದ್ರದ ಕಾರ್ಯಕರ್ತರು ಮನೆಬಾಗಿಲಿಗೂ ಮುಟ್ಟಿಸಿದರು. ಒಟ್ಟಿಗೆ ಕೊಟ್ಟರೆ ಜನ ಹಾಳು ಮಾಡುತ್ತಾರೆ ಅನ್ನುವ ಅನುಮಾನ ನನಗೆ ಅಲ್ಲಿಗೆ ಹೋಯಿತು.

ಗಂಡಸರು ಬರುವುದೇ ತಡ. ಎಷ್ಟೋ ಜನ ಬರುವಾಗ ಸಿಡಿ4 200ರ ಕೆಳಗೆ ಇರುತ್ತದೆ, ಜೊತೆಗೆ ಟಿಬಿ. ಹೆಂಡತಿಯೋ ಅಣ್ಣನೋ ಹಿಡಿದುಕೊಂಡು ತಂದಿರುತ್ತಾರೆ. ಟಿಬಿ ಗುಳಿಗೆ ಶುರುವಾಗುತ್ತದೆ, ಕೆಲವು ವಾರಗಳ ಮೇಲೆ ಎಆರ್‌ಟಿ. ಮೂರು ನಾಲ್ಕು ತಿಂಗಳಿಗೆ ಮೈ ತುಂಬುತ್ತದೆ, ಹಸಿವು ಬರುತ್ತದೆ, ಕೆಲಸಕ್ಕೆ ಹೋಗುತ್ತಾರೆ. ಆಮೇಲೆ ನಿಲ್ಲಿಸುತ್ತಾರೆ. "ಆರಾಮಾಗೀನ್ರಿ ಮೇಡಂ, ಇನ್ನ ಯಾಕ?" ಟಿಬಿಗೆ ಆರು ತಿಂಗಳು ನುಂಗಿ ಮುಗಿಸಿದ ಹಾಗೆ ಇದೂ ಮುಗಿಯಿತು ಅಂದುಕೊಂಡವರೂ ಇದ್ದಾರೆ. ಎರಡು ಔಷಧಿ ಒಟ್ಟಿಗೆ ಕೊಡುವ ನಾವು ಈ ವ್ಯತ್ಯಾಸವನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕುಡಿತದ ಕಥೆ ಬೇರೆ. ಕುಡಿದ ದಿನ ಗುಳಿಗೆ ನುಂಗಿದರೆ ವಿಷವಾಗುತ್ತದೆ ಅಂತ ಯಾರೋ ಹೇಳಿರುತ್ತಾರೆ, ಅದಕ್ಕೆ ಕುಡಿದ ದಿನವೆಲ್ಲ ಗುಳಿಗೆ ಬಿಡುತ್ತಾರೆ. ಕುಡಿತ ಬಿಡಿ ಅಂತ ನಾನೂ ಹೇಳುತ್ತೇನೆ. ಆದರೆ ಕುಡಿದ ದಿನವೂ ಗುಳಿಗೆ ಬಿಡಬೇಡಿ ಅಂತ ಅದಕ್ಕಿಂತ ಜೋರಾಗಿ ಹೇಳುತ್ತೇನೆ.

ಇದಕ್ಕೆ ತದ್ವಿರುದ್ಧ ಬಸುರಿಯರು. ಅವರಿಗೆ ಏನೂ ಆಗಿರುವುದಿಲ್ಲ. ತಾಯಿ ಕಾರ್ಡ್ ಮಾಡಿಸಲು ಹೋದಾಗ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಗಂಡನಿಗಿಂತ ಮೊದಲು ಹೆಂಡತಿಯ ಪರೀಕ್ಷೆ ಆಗಿದ್ದರಿಂದ ತಪ್ಪೆಲ್ಲ ಅವಳ ತಲೆಗೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾಳೆ, ತವರು ಇನ್ನೊಂದು ಜಿಲ್ಲೆ. ಅಲ್ಲಿ ಅವ್ವನಿಗೆ ಗೊತ್ತಿಲ್ಲ. ಹುಟ್ಟಿದ ಮಗುವಿಗೆ ಎಚ್‌ಐವಿ ತಗಲದಂತೆ ಕನಿಷ್ಠ ಆರು ವಾರ ನೆವಿರಾಪಿನ್‌ನಂಥ ಸಿರಪ್ ಹಾಕಬೇಕು. ಬಾಣಂತಿ ಕೋಣೆಗೆ ದಿನಾ ಹತ್ತು ಜನ ಬರುತ್ತಾರೆ, ಸಿರಪ್ಪಿನ ಬಾಟಲಿ ಎಲ್ಲಿ ಬಚ್ಚಿಡುವುದು? ಆರು ವಾರಕ್ಕೆ ಮಗುವಿನ ರಕ್ತ ಪರೀಕ್ಷೆಗೆ ಕರೆದುಕೊಂಡು ಬರಬೇಕು, "ಇಷ್ಟ ಸಣ್ಣ ಕೂಸಿನ್ನ ಹೊರಗ ಒಯ್ಯಬ್ಯಾಡ" ಅಂತ ಅಜ್ಜಿ ತಡೆಯುತ್ತಾಳೆ. ಇಷ್ಟರ ನಡುವೆಯೂ ಮಗುವಿನ ಸಲುವಾಗಿ ಹಟ ಹಿಡಿದು ಬರುವವರು ಇವರೇ. ಬಾಣಂತನ ಮುಗಿದು, ಮಗುವಿಗೆ ಇಲ್ಲ ಅಂತ ಗೊತ್ತಾದ ಮೇಲೆ ತಮ್ಮ ಸಲುವಾಗಿ ಬರುವುದನ್ನು ಬಿಡುತ್ತಾರೆ. ಅದು ನನಗೆ ತುಂಬಾ ಸಂಕಟ ಕೊಡುತ್ತದೆ. ಬಸುರಿಯರಿಗೆ ಒಂದು ಮಾತು. ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ಎಆರ್‌ಟಿ ಜೊತೆ ಒಟ್ಟಿಗೆ ನುಂಗಬೇಡಿ, ಡೊಲುಟೆಗ್ರಾವಿರ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಎಷ್ಟು ಹೊತ್ತು ಬಿಟ್ಟು ನುಂಗಬೇಕು ಅಂತ ನಿಮ್ಮ ಕೇಂದ್ರದಲ್ಲಿ ಕೇಳಿ ಬರೆಸಿಕೊಳ್ಳಿ.

ಶುರು ಮಾಡಿದ ಮೊದಲ ವಾರಗಳಲ್ಲೇ ಬಿಡಿಸುವ ಇನ್ನೊಂದು ಸಂಗತಿ ಇದೆ, ಇದರ ಬಗ್ಗೆ ಹೊರಗೆ ಯಾರೂ ಮಾತಾಡುವುದಿಲ್ಲ. ಕೆಲವರಿಗೆ ಗುಳಿಗೆ ಶುರು ಮಾಡಿದ ಮೇಲೆ ಜ್ವರ ಬರುತ್ತದೆ, ಕುತ್ತಿಗೆಯಲ್ಲಿ ಗಂಟು ಏಳುತ್ತದೆ, ಕೆಮ್ಮು ಹೆಚ್ಚಾಗುತ್ತದೆ. ಸಿಡಿ4 ತೀರಾ ಕಡಿಮೆ ಇದ್ದವರಲ್ಲಿ ಇದು ಜಾಸ್ತಿ. ಇಷ್ಟು ದಿನ ಮೈಯಲ್ಲಿ ಟಿಬಿಯಂಥದ್ದು ಅಡಗಿ ಕೂತಿರುತ್ತದೆ, ಅದರ ಜೊತೆ ಹೋರಾಡುವ ಶಕ್ತಿ ಮೈಗೆ ಇರಲಿಲ್ಲ. ಗುಳಿಗೆಯಿಂದ ಶಕ್ತಿ ವಾಪಸ್ ಬಂದ ಕೂಡಲೇ ಹೋರಾಟ ಶುರುವಾಗುತ್ತದೆ, ಜ್ವರ ಕಾಣಿಸುತ್ತದೆ. ಹೇಳದಿದ್ದರೆ ರೋಗಿಗೆ ಕಾಣುವುದು ಇಷ್ಟೇ: "ಗುಳಗಿ ತಗೊಳ್ಳೂಕ್ಕಿಂತ ಮೊದಲ ಛಲೋ ಇದ್ದೆ, ತಗೊಂಡ ಮ್ಯಾಲ ಮಲಗಿದೆ." ಅವರ ಮಾತು ಅವರ ಅನುಭವಕ್ಕೆ ಸರಿಯೇ. ಗುಳಿಗೆ ಬಿಸಾಡಿ, ಬೇರು ಕೊಡುವ ಯಾರದೋ ಹತ್ತಿರ ಹೋಗುತ್ತಾರೆ, ಸಾವಿರಗಟ್ಟಲೆ ಕಳೆದುಕೊಳ್ಳುತ್ತಾರೆ. ಹೀಗಾಗಬಹುದು, ಆದರೆ ಗುಳಿಗೆ ಬಿಡದೆ ಕೂಡಲೇ ಬನ್ನಿ ಅಂತ ಮೊದಲ ದಿನವೇ ಹೇಳಿದ್ದರೆ ಅವರು ಬರುತ್ತಾರೆ. ಹಾಗೆ ನಾವು ಹೇಳಿ ಕಳಿಸಿದವರು ಬಂದಿದ್ದಾರೆ.

ದೂರ ಯಾವಾಗಲೂ ಕೆಟ್ಟದ್ದು ಅಂತಲೂ ಹೇಳಲಾರೆ. ನಮ್ಮಲ್ಲಿಗೆ ಪಕ್ಕದ ಜಿಲ್ಲೆಯಿಂದ ಒಬ್ಬ ಶಿಕ್ಷಕರು ಬರುತ್ತಾರೆ. ಅವರ ಊರಿನ ದವಾಖಾನೆಯಲ್ಲೇ ಕೇಂದ್ರ ಇದೆ. "ಅಲ್ಲಿ ಬೆಂಚಿನ ಮೇಲೆ ಕೂತರೆ ನನ್ನ ಶಾಲೆಯ ಮಕ್ಕಳ ತಂದೆ ತಾಯಿ ಎದುರಿಗೇ ಹಾದುಹೋಗುತ್ತಾರೆ" ಅಂತ ಅವರ ಮಾತು. ನಮ್ಮ ಕೇಂದ್ರದ ಬೋರ್ಡು ಕೂಡ ಹೊರರೋಗಿ ವಿಭಾಗದ ದಾರಿಯಲ್ಲೇ ಇದೆ. ಕೆಲವರು ಬೆಂಚಿಗೆ ಬರುವುದೇ ಇಲ್ಲ, ಗೇಟಿನ ಹತ್ತಿರ ಚಹಾದ ಅಂಗಡಿಯಲ್ಲಿ ನಿಂತಿರುತ್ತಾರೆ. ಹೆಸರು ಕೂಗುವುದನ್ನು ಬಿಟ್ಟು ನಂಬರ್ ಹೇಳುತ್ತೇವೆ. ಹತ್ತಿರದ ಲಿಂಕ್ ಕೇಂದ್ರಕ್ಕೆ ಕಳಿಸುವ ಮೊದಲು "ನಿಮಗೆ ಅಲ್ಲಿ ಅನುಕೂಲ ಆಗ್ತದೇನು?" ಅಂತ ಕೇಳಲೇಬೇಕು. ಹತ್ತಿರ ಅನ್ನುವುದು ಕೆಲವರಿಗೆ ಅಪಾಯ.

ಬರದವರಿಗೆ ಫೋನ್ ಮಾಡುವುದು ಅಂದರೆ ಸುಲಭ ಅನ್ನಿಸುತ್ತದೆ. ನಂಬರ್ ಗಂಡನದು, ಇಲ್ಲವೇ ಪಕ್ಕದ ಮನೆಯವರದು, ಇಲ್ಲವೇ ಸಿಮ್ ಬದಲಾಗಿದೆ. ಎತ್ತಿದವರಿಗೆ "ದವಾಖಾನೆಯಿಂದ" ಅನ್ನುವಂತಿಲ್ಲ. ಅದಕ್ಕೇ ಮೊದಲ ದಿನವೇ ಕೇಳಿ ಬರೆದುಕೊಳ್ಳುತ್ತೇವೆ: ಯಾವ ಹೊತ್ತಿಗೆ ಮಾಡಲಿ, ಬೇರೆಯವರು ಎತ್ತಿದರೆ ಯಾರು ಅಂತ ಹೇಳಲಿ? "ಸಂಘದ ಅಕ್ಕ ಅನ್ರಿ" ಅನ್ನುವವರು ಹೆಚ್ಚು. ಸ್ತ್ರೀಶಕ್ತಿ ಸಂಘದ ಕಂತಿನ ಫೋನು ಯಾರ ಮನೆಗೆ ಬರುವುದಿಲ್ಲ? ಫೋನಿಗೂ ಸಿಗದಿದ್ದರೆ ಕಾರ್ಯಕರ್ತರು ಊರಿಗೆ ಹೋಗುತ್ತಾರೆ. ಕೊರಳಲ್ಲಿ ಬ್ಯಾಡ್ಜ್ ಇಲ್ಲ, ದವಾಖಾನೆಯ ಗಾಡಿ ಇಲ್ಲ. ನಮ್ಮ ಕೇರ್ ಕೋಆರ್ಡಿನೇಟರ್ ಸ್ವತಃ ಎಚ್‌ಐವಿ ಜೊತೆ ಬದುಕುತ್ತಿರುವವರು. ಹೊಸಬರ ಪಕ್ಕ ಬೆಂಚಿನಲ್ಲಿ ಕೂತು ಅವರು ತಮ್ಮ ಹಸಿರು ಪುಸ್ತಕ ತೆಗೆದು ತೋರಿಸಿದರೆ, ಅಂಚು ಸವೆದ, ಬೈಂಡ್ ಹಾಕಿಸಿದ ಆ ಪುಸ್ತಕ ಮಾಡುವ ಕೆಲಸವನ್ನು ನನ್ನ ಯಾವ ಮಾತೂ ಮಾಡಲಾರದು. "ನೀವೂ ಇದ ಗುಳಗೀನ ತಗೊಂತೀರೇನ್ರಿ?" ಅಂತ ಕೇಳುತ್ತಾರೆ. ಕೇಳಿದವರ ಭುಜ ಸ್ವಲ್ಪ ಕೆಳಗಿಳಿಯುತ್ತದೆ.

ಆರು ತಿಂಗಳು ದಾಟಿದರೆ ವೈರಲ್ ಲೋಡ್ ಪರೀಕ್ಷೆ. ಸರಿಯಾಗಿ ನುಂಗಿದವರ ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿರುತ್ತದೆ. ವರದಿಯಲ್ಲಿ ಟಿಎನ್‌ಡಿ ಅಂತ ಬರುತ್ತದೆ, ಅಂದರೆ ವೈರಸ್ ಕಂಡುಬಂದಿಲ್ಲ. ಹಾಗೆ ಇರುವವರೆಗೆ ಲೈಂಗಿಕ ಸಂಪರ್ಕದಿಂದ ಜೊತೆಗಾರರಿಗೆ ಹರಡುವುದಿಲ್ಲ. ಈ ಕಾಗದ ಕೈಗೆ ಬಂದ ಮೇಲೆ ಜನರ ನಡಿಗೆಯೇ ಬೇರೆ. ಆಗ ಮನೆಯಲ್ಲಿ ನಿಜ ಹೇಳುವ ಧೈರ್ಯವೂ ಕೆಲವರಿಗೆ ಬರುತ್ತದೆ. ಹೀಗಾಗುತ್ತದೆ ಅಂತ ಮೊದಲ ದಿನವೇ ಹೇಳಬೇಕು. ಮುಂದೆ ಇಂಥದ್ದೊಂದು ದಿನ ಇದೆ ಅಂತ ಗೊತ್ತಿದ್ದವರು ಆರು ತಿಂಗಳು ತಡೆದುಕೊಳ್ಳುತ್ತಾರೆ.

ಶುರು ಮಾಡಿ ಬಿಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಥವಾ ಅಂಥವರು ನಿಮಗೆ ಗೊತ್ತಿದ್ದರೆ, ಇಷ್ಟು ಕೇಳಿ. ಎಷ್ಟೇ ತಿಂಗಳಾಗಿದ್ದರೂ ವಾಪಸ್ ಬರಬಹುದು. ಹಸಿರು ಪುಸ್ತಕ ಕಳೆದಿದ್ದರೂ ಬನ್ನಿ, ನಿಮ್ಮ ನಂಬರ್ ನಮ್ಮ ಕಂಪ್ಯೂಟರಿನಲ್ಲಿ ಇರುತ್ತದೆ. ಡಾಕ್ಟರ್ ನೋಡುತ್ತಾರೆ, ಟಿಬಿ ಲಕ್ಷಣ ಇದೆಯಾ ಅಂತ ಕೇಳುತ್ತಾರೆ, ಸಿಡಿ4 ಮಾಡಿಸುತ್ತಾರೆ, ಆಮೇಲೆ ಮತ್ತೆ ಗುಳಿಗೆ. ಮನೆಯಲ್ಲಿ ಉಳಿದ ಹಳೆ ಗುಳಿಗೆಯನ್ನು ನೀವೇ ಶುರು ಮಾಡಬೇಡಿ, ಬಾಟಲಿ ಸಮೇತ ತನ್ನಿ. ಮೊದಲು ಹೋಗುತ್ತಿದ್ದ ಕೇಂದ್ರಕ್ಕೆ ಹೋಗಲು ಮುಜುಗರ ಆದರೆ ಬೇರೆ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಅವರೇ ವರ್ಗಾವಣೆ ಕೇಳುತ್ತಾರೆ. ಹತ್ತಿರದ ಕೇಂದ್ರ ಯಾವುದು ಅಂತ ತಿಳಿಯಲು 1097ಕ್ಕೆ ಕರೆ ಮಾಡಿ. ಕರೆ ಉಚಿತ, ಹೆಸರು ಹೇಳಬೇಕಾಗಿಲ್ಲ.